ಬಾಗಿಲು ಕಾಯುತ್ತಿದ್ದ ಶಿವನಂಜಮ್ಮ

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಆರೋಗ್ಯ ಸಹಾಯಕಿಯರ ತರಬೇತಿಗೆ ನನ್ನನ್ನು ಕರೆದಿದ್ದರು. "ಹತ್ತೇ ನಿಮಿಷ ಮಾತಾಡಿ ಸಾಕು ಮೇಡಂ, ಮಕ್ಕಳಿಗೆ ಸ್ವಲ್ಪ ಉತ್ಸಾಹ ಬರೋ ಹಾಗೆ ಇರಲಿ" ಎಂದು ಫೋನಿನಲ್ಲಿ ಹೇಳಿದ್ದರು. ಹೋದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಿಸ್ವಾರ್ಥ ಸೇವೆ ಅಂದರು. ನಾನೂ ಉತ್ಸಾಹ ಬರುವ ಹಾಗೆ ಹತ್ತು ನಿಮಿಷ ಸುಳ್ಳು ಹೇಳಿ ವೇದಿಕೆ ಇಳಿದು ಬಂದೆ. ಮನೆಗೆ ಬಂದು ಆ ಬುಟ್ಟಿಯ ಪ್ಲಾಸ್ಟಿಕ್ ಹರಿಯುವಾಗ ನನ್ನ ಮೇಲೆ ನನಗೇ ರೇಗಿಹೋಯಿತು. ಆ ಹುಡುಗಿಯರಿಗೆ ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ. ಉತ್ಸಾಹ ಬರುತ್ತದೋ ಇಲ್ಲವೋ, ಓದಿ ನೋಡಿ.

ನಾನು ಮೈಸೂರಿನ ಒಂದು ನಗರ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು. ಎಲ್ಲರಿಗೂ ನಾನು 'ಸಿಸ್ಟರಮ್ಮ'. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರ ತೂಕ, ಬಾಣಂತಿಯರ ಮನೆ ಭೇಟಿ, ಎಲ್ಲ ಮಾಡಿದ್ದೇನೆ. ಅದನ್ನೆಲ್ಲ ಬಿಡಿ. ಕೊನೆಯ ವರ್ಷಗಳಲ್ಲಿ ನನ್ನ ಹೆಗಲಿಗೆ ಬಿದ್ದ ಒಂದು ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ಹೆಂಗಸರು ತಮ್ಮ ಸ್ತನಗಳನ್ನು ತಾವೇ ಪರೀಕ್ಷೆ ಮಾಡಿಕೊಳ್ಳುವುದು ಹೇಗೆ ಎಂದು ಕಲಿಸುವ ಕೆಲಸ ಅದು. ಗಂಟು ಇದ್ದರೆ ಚಿಕ್ಕದಿರುವಾಗಲೇ ಗೊತ್ತಾಗಲಿ, ಆಸ್ಪತ್ರೆಗೆ ಬೇಗ ಬರಲಿ ಎಂಬುದು ಅದರ ಉದ್ದೇಶ.

ನಮ್ಮ ಇಲಾಖೆಯಲ್ಲಿ ಆ ಪದವನ್ನು ಬಾಯಿ ಬಿಟ್ಟು ಹೇಳುವವರೇ ಇರಲಿಲ್ಲ. ನಮ್ಮ ಡಾಕ್ಟರಮ್ಮ, ಕೇಂದ್ರದ ಮುಖ್ಯಸ್ಥೆ, ಎಂಬಿಬಿಎಸ್ ಓದಿದವರು, ಅವರೂ 'ಆ ಪ್ರೋಗ್ರಾಂ' ಎನ್ನುತ್ತಿದ್ದರು. "ಸಿಸ್ಟರ್, ಆ ಪ್ರೋಗ್ರಾಂ ಈ ತಿಂಗಳು ಎಷ್ಟಾಯ್ತು?" ಮೇಲಿನಿಂದ ಬಣ್ಣದ ಚಿತ್ರಪಟ ಬಂತು, ಗೋಡೆಗೆ ತೂಗುಹಾಕಿ ಪುಟ ತಿರುವುವಂಥದ್ದು. ನಾನು ಅದನ್ನು ಮೊದಲ ಸಭೆಗೆ ಒಯ್ದು ಬಿಚ್ಚಿದರೆ, ನಾಲ್ಕು ಚಿತ್ರಗಳ ಮೇಲೆ ನೀಟಾಗಿ ಬಿಳಿ ಕಾಗದ ಅಂಟಿಸಿದ್ದಾರೆ! ಕೇಳಿದ್ದಕ್ಕೆ ಡಾಕ್ಟರಮ್ಮ, "ಗಂಡಸರ ಸ್ಟಾಫ್ ಓಡಾಡೋ ಜಾಗ ಅಲ್ವೇನ್ರೀ, ಅಲ್ಮೇರಾದಲ್ಲಿ ತೆರೆದಿಟ್ಟಿದ್ರೆ ಚೆನ್ನಾಗಿರುತ್ತಾ?" ಎಂದರು. ಬ್ಲೇಡಿನಲ್ಲಿ ಕೆರೆದು ಕಾಗದ ತೆಗೆದೆ. ಚಿತ್ರವೂ ಕಿತ್ತುಬಂತು. ಆಮೇಲೆ ಅಷ್ಟೂ ವರ್ಷ ನಾನು ಕಲಿಸಿದ್ದು ಹರಿದ ಚಿತ್ರದಲ್ಲೇ.

ರಬ್ಬರಿನ ಒಂದು ಮಾದರಿಯೂ ಬಂದಿತ್ತು. ಒಳಗೆ ಮೂರು ಗಾತ್ರದ ಗಂಟುಗಳಿದ್ದವು, ಬೆರಳಿಟ್ಟು ಹುಡುಕಿ ಕಲಿಯಲಿ ಎಂದು. ಅದು ದುಬಾರಿ ಸಾಮಾನು, ಹಾಳಾದರೆ ಯಾರು ಉತ್ತರ ಕೊಡುತ್ತಾರೆ ಎಂದು ಡಾಕ್ಟರಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ವ್ಯಾನಿಟಿ ಬ್ಯಾಗಿನಲ್ಲಿ. ನನ್ನ ಸಭೆ ಇರುವ ದಿನ ಅವರಿಗೆ ಒಂದೋ ಮೀಟಿಂಗು, ಇಲ್ಲಾ ರಜೆ. ನಾನು ನಿವೃತ್ತಿಯಾಗುವ ದಿನ ಅದನ್ನು ಲೆಕ್ಕ ಒಪ್ಪಿಸಲು ಹೊರತೆಗೆದಾಗ, ರಬ್ಬರು ಕರಗಿ ಅದರ ಪೆಟ್ಟಿಗೆಗೇ ಅಂಟಿಕೊಂಡಿತ್ತು. ಒಬ್ಬ ಹೆಂಗಸಿನ ಬೆರಳೂ ಅದರ ಮೇಲೆ ಬಿದ್ದಿರಲಿಲ್ಲ. ಹಾಳಾಗದಂತೆ ಕಾಪಾಡಿದ್ದು ಹೀಗೆ.

ಓದಿದವರ ಬಡಾವಣೆಗಳಲ್ಲಿ ಈ ಕೆಲಸ ಸುಲಭ ಎಂದು ನೀವು ತಿಳಿದಿದ್ದರೆ ಈಗಲೇ ಆ ಭ್ರಮೆ ಬಿಡಿ. ಅಜ್ಜನ ಕಾಲದಿಂದ ಅರಮನೆಯ ಉದ್ಯೋಗದಲ್ಲಿದ್ದ ಮನೆತನವೊಂದಕ್ಕೆ ಹೋಗಿದ್ದೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು. ಕಾಫಿ ಕೊಟ್ಟರು, ಬಹಳ ಮರ್ಯಾದೆಯಿಂದ, "ನಮ್ಮನೇಲಿ ಎಲ್ಲಾ ತಿಳಿದೋರೇ ಇದೀವಿ ಸಿಸ್ಟರ್. ನೀವು ಆ ಕಡೆ ಹೋಗಿ, ಅಲ್ಲಿ ಬೇಕಿರೋದು ಇದೆಲ್ಲ" ಎಂದು ಕಳಿಸಿಕೊಟ್ಟರು. ನನಗೆ ಕಾಫಿ ಕೊಡುವಾಗಲೇ ಅವರ ಮೈಯಲ್ಲಿ ಗಂಟಿತ್ತು, ಅದು ಅವರಿಗೆ ಗೊತ್ತಿತ್ತು. ಮಗಳ ಮದುವೆ ಮುಗಿಯಲಿ, ಬೀಗರ ಕಿವಿಗೆ ಬೀಳುವುದು ಬೇಡ ಎಂದು ಎಂಟು ತಿಂಗಳು ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದರಂತೆ. ಮದುವೆ ಚೆನ್ನಾಗಿ ಆಯಿತು. ಮಗಳ ಸೀಮಂತಕ್ಕೆ ಅವರು ಇರಲಿಲ್ಲ.

ನಾನು 'ಆ ಕಡೆ' ಹೋದೆ. ಕೆಸರೆಯಲ್ಲಿ ಒಂದು ಸ್ತ್ರೀಶಕ್ತಿ ಸಂಘದ ಕೋಣೆ ಇತ್ತು. ಒಂದು ಕಿಟಕಿ, ಒಂದು ಬಾಗಿಲು, ನೆಲಕ್ಕೆ ಒಂದು ಜಮಖಾನ. ತಿಂಗಳಿಗೆ ಎರಡು ಸಲ ಮಧ್ಯಾಹ್ನ ಅಲ್ಲಿ ಸಭೆ. ಶಿವನಂಜಮ್ಮ ನನಗೆ ಸಿಕ್ಕಿದ್ದು ಅಲ್ಲಿ.

ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಿಗೆ, ಗೃಹಪ್ರವೇಶಗಳಿಗೆ ಒಬ್ಬಟ್ಟು ತಟ್ಟಿಕೊಟ್ಟು ಜೀವನ ಮಾಡುತ್ತಿದ್ದ ಹೆಂಗಸು. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ದೊಡ್ಡ ಗಂಟಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ಶಿವದಾರ, ಅದರ ತುದಿಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅವರು ಒಂದು ಕೂಗು ಹಾಕಿದರೆ ಆ ಬೀದಿಯ ಹೆಂಗಸರೆಲ್ಲ ಮಾಡುವ ಕೆಲಸ ಬಿಟ್ಟು ಬರುತ್ತಿದ್ದರು. ಮೊದಲ ಸಭೆಯಲ್ಲಿ ನನ್ನ ಹರಿದ ಚಿತ್ರಪಟ ನೋಡಿ, "ಇದೇನ್ ಸಿಸ್ಟರಮ್ಮ, ಇಲಿ ಕಡ್ದಂಗದೆ! ಇದ್ರಲ್ಲಿ ಯಾವಳ್ಗೆ ಏನ್ ಅರ್ಥ ಆಯ್ತದೆ?" ಎಂದರು. ಬೀಗದೊಳಗಿನ ರಬ್ಬರಿನ ಕಥೆ ಹೇಳಿದೆ. "ಅಷ್ಟೇನಾ? ಬುಡಿ, ನಾ ಮಾಡ್ಕೊಡ್ತೀನಿ" ಎಂದರು.

ಮುಂದಿನ ಸಭೆಗೆ ಒಂದು ದೊಡ್ಡ ತಟ್ಟೆಯ ತುಂಬ ಒಬ್ಬಟ್ಟಿನ ಕಣಕ ತಂದರು. ಎಣ್ಣೆ ಹಾಕಿ ನಾದಿ ನಾದಿ ಮೆತ್ತಗೆ ಮಾಡಿದ ಮೈದಾ ಹಿಟ್ಟು, ಮೇಲೆ ಒದ್ದೆ ಬಟ್ಟೆ. ಒಳಗೆ ಒಂದು ಕಡೆ ಕಡಲೆಕಾಳು, ಇನ್ನೊಂದು ಕಡೆ ಅವರೆಕಾಳು, ತಳದಲ್ಲಿ ಒಂದು ಹುಣಸೆ ಬೀಜ ಹುದುಗಿಸಿಟ್ಟಿದ್ದರು. ಮೂರು ಬೆರಳಿನ ಮೆತ್ತನೆಯ ಭಾಗದಿಂದ ಸುತ್ತ ಸುತ್ತ ಒತ್ತುತ್ತ ಹುಡುಕಬೇಕು. ಮೊದಲು ಹಗುರಾಗಿ, ಆಮೇಲೆ ಸ್ವಲ್ಪ ಬಿಗಿಯಾಗಿ, ಆಮೇಲೆ ಇನ್ನೂ ಆಳಕ್ಕೆ. ಚಿತ್ರಪಟದ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದ ಹೆಂಗಸರು ತಟ್ಟೆಯ ಸುತ್ತ ಮುತ್ತಿಕೊಂಡರು. "ಸಿಕ್ತು ಕಣೇ!" "ಅಯ್ಯೋ ಅದು ಹಿಟ್ಟಿನ ಗಂಟು ಕಣಮ್ಮ, ಕಾಳಲ್ಲ." ನನ್ನ ನೌಕರಿಯಲ್ಲೇ ಅಂಥ ಗಲಾಟೆಯ ತರಗತಿ ನೋಡಿರಲಿಲ್ಲ.

ಹಿಟ್ಟಿನಲ್ಲಿ ಕೈ ಕುದುರಿದ ಮೇಲೆ ರವಿಕೆ ಬಿಚ್ಚಿ ತಮ್ಮ ಮೈಮೇಲೆ ತಾವೇ ಮಾಡಿ ತೋರಿಸಬೇಕು. ಅಲ್ಲಿಗೆ ಬಂದಾಗ ತೊಂದರೆ. ಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ. ಹಳೇ ಚಿಲಕ ಕಿತ್ತುಹೋಗಿ ತೂತು ಮಾತ್ರ ಉಳಿದಿತ್ತು. ಯಾವ ಗಂಡಸಾದರೂ ನೂಕಿಕೊಂಡು ಬಂದರೆ? ಡಾಕ್ಟರಮ್ಮನನ್ನು ಕೇಳಿದೆ. "ಕಟ್ಟಡ ಸಂಘದ್ದು, ಅವರೇ ಹಾಕಿಸ್ಬೇಕು" ಎಂದರು. ಸಂಘದವರನ್ನು ಕೇಳಿದರೆ, "ಪ್ರೋಗ್ರಾಂ ನಿಮ್ದು, ನೀವೇ ಹಾಕಿಸ್ಕೊಳ್ಳಿ" ಎಂದರು. ನಾನು ಅರ್ಜಿ ಬರೆದೆ. ಅರ್ಜಿಗೆ ಜ್ಞಾಪನ ಬರೆದೆ. ಶಿವನಂಜಮ್ಮ ನೋಡುವಷ್ಟು ನೋಡಿ, "ನಿಮ್ ಅರ್ಜಿ ಬರೋಗಂಟ ಇವ್ರು ಬೆತ್ತಲೆ ಕೂತಿರಕ್ಕಾಯ್ತದಾ? ನಾ ಆಚೆ ನಿಂತ್ಕತೀನಿ. ಯಾವ ನನ್ಮಗ ಬತ್ತಾನೋ ನೋಡೇಬುಡ್ತೀನಿ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತರು. ಅವತ್ತಿನಿಂದ ಆರು ವರ್ಷ ಹಾಗೇ ನಡೆಯಿತು. ಹಿಟ್ಟು ನಾದಿ ತರುವವರು ಅವರು, ಕಾಳು ಹುದುಗಿಸುವವರು ಅವರು, ಹೆಂಗಸರನ್ನು ಕೂಗಿ ಕರೆಯುವವರು ಅವರು. ಎಲ್ಲರೂ ಒಳಗೆ ಸೇರಿದ ಮೇಲೆ ಬಾಗಿಲಾಚೆ ನಿಲ್ಲುವವರೂ ಅವರೇ.

ನಾನು ಒಳಗೆ ಪಾಠ ಹೇಳುತ್ತಿದ್ದೆ. "ನೋಡ್ರಮ್ಮಾ, ಮುಟ್ಟಾಗಿ ಏಳನೇ ದಿನದ ಮೇಲೆ ಮಾಡ್ಕೋಬೇಕು. ಅದಕ್ಕೆ ಮುಂಚೆ ಮಾಡಿದ್ರೆ ಬಾವು ಇರುತ್ತೆ, ಗಂಟು ಗೊತ್ತಾಗಲ್ಲ. ಏಳನೇ ದಿನ, ಮರೀಬೇಡಿ." ಸಭೆಗೆ ಹತ್ತು ಸಲ ಹೇಳುತ್ತಿದ್ದೆ. ಅವರ ಬಾಯಲ್ಲೂ ಕೂಗಿಸುತ್ತಿದ್ದೆ, ಒಂದನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಕು ಗೊತ್ತು ಮಾಡಿಕೊಂಡು ಅವತ್ತು ನೋಡಿಕೊಳ್ಳಬೇಕು ಎಂಬುದು ಚಿತ್ರಪಟದ ಕೊನೆಯ ಪುಟದ ಕೊನೆಯ ಸಾಲಿನಲ್ಲಿತ್ತು. ನಾನು ಅಲ್ಲಿಗೆ ಬರುವ ಹೊತ್ತಿಗೆ ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಾಗುತ್ತಿತ್ತು, ಇಲ್ಲವೇ ನಲ್ಲಿಯಲ್ಲಿ ನೀರು ಬರುತ್ತಿತ್ತು. ಎಲ್ಲರೂ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಹೋಗಲಿ, ಅದು ವಯಸ್ಸಾದವರ ವಿಷಯ ತಾನೇ ಎಂದು ನಾನೂ ಪಟ ಸುತ್ತಿಡುತ್ತಿದ್ದೆ. ವಯಸ್ಸಾದಷ್ಟೂ ಈ ಕಾಯಿಲೆಯ ಭಯ ಹೆಚ್ಚು ಎಂದು ತರಬೇತಿಯಲ್ಲಿ ಬರೆದುಕೊಂಡಿದ್ದ ಕೈಯೇ ಅದು. ಇನ್ನೂ ಒಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಕೋಣೆ ಚಿಕ್ಕದು, ಜನ ಜಾಸ್ತಿ ಆದಾಗ ನಾನೇ, "ಅಜ್ಜಿಯಂದಿರು ವಸಿ ಆಚೆ ಕೂತ್ಕೊಳ್ರಮ್ಮಾ, ಹುಡುಗೀರಿಗೆ ಜಾಗ ಬಿಡಿ" ಎಂದು ಮುದುಕಿಯರನ್ನು ಎಬ್ಬಿಸುತ್ತಿದ್ದೆ. ಅವರು ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಶಿವನಂಜಮ್ಮನ ಆಚೆ ಜಗುಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಐದನೆಯ ವರ್ಷ ಇರಬೇಕು, ಮೇಲಿನ ಸಾಹೇಬರೊಬ್ಬರು ಸಭೆ ನೋಡಲು ಬರುವವರಿದ್ದರು. ಬ್ಯಾನರು, ಹೂವಿನ ಹಾರ, ಫೋಟೋದವನು, ನನ್ನ ತಲೆ ನನಗಿರಲಿಲ್ಲ. ಶಿವನಂಜಮ್ಮ ತಟ್ಟೆ ಇಳಿಸುವಾಗ ಕಣ್ಣಿಗೆ ಬಿತ್ತು. ಯಾವಾಗಲೂ ಎದೆಯ ಮೇಲೆ ತೂಗುತ್ತಿದ್ದ ಕರಡಿಗೆ ಅವತ್ತು ಕೊರಳಿಗೆ ಹತ್ತಿರವಾಗಿ ಬಲಕ್ಕೆ ಸರಿದಿತ್ತು. ಶಿವದಾರಕ್ಕೆ ಗಂಟು ಹಾಕಿ ಗಿಡ್ಡ ಮಾಡಿದ್ದರು.

"ಯಾಕ್ರೀ, ದಾರ ಮೇಲಕ್ಕೆ ಕಟ್ಟಿದ್ದೀರಿ?" ಎಂದೆ.

"ಕರಡಿಗೆ ಉಜ್ಜಿ ಉಜ್ಜಿ ಎಡಗಡೆ ಉರೀತದೆ ಸಿಸ್ಟರಮ್ಮ. ಅದ್ಕೇ ವಸಿ ಮ್ಯಾಲಕ್ಕೆ ಕಟ್ಕಂಡೆ."

"ಕೊಬ್ಬರಿ ಎಣ್ಣೆ ಹಚ್ಚಿ" ಎಂದೆ.

ಹೌದು, ನಾನೇ. ಊರಿಗೆಲ್ಲ ಸ್ತನ ಪರೀಕ್ಷೆ ಹೇಳಿಕೊಡುವ ಸಿಸ್ಟರಮ್ಮ. ಚಿಕ್ಕಂದಿನಲ್ಲಿ ಲಿಂಗದೀಕ್ಷೆ ಆದಾಗಿನಿಂದ ಅವರ ಎದೆಯ ಮೇಲೆ ಅದೇ ಕರಡಿಗೆ ಅದೇ ಜಾಗದಲ್ಲಿ ತೂಗುತ್ತಿದೆ, ಈಗ ಇದ್ದಕ್ಕಿದ್ದಂತೆ ಯಾಕೆ ಉಜ್ಜುತ್ತದೆ ಎಂದು ಕೇಳಬೇಕಾಗಿತ್ತು. ಬಾಗಿಲಲ್ಲಿ ಸಾಹೇಬರ ಕಾರು ನಿಂತಿತು. ಹಾರ ಹಿಡಿದುಕೊಂಡು ಓಡಿದೆ. ಅವತ್ತಿನ ಫೋಟೋ ಪತ್ರಿಕೆಯಲ್ಲೂ ಬಂತು. ಸಾಹೇಬರು, ಡಾಕ್ಟರಮ್ಮ, ನಾನು, ಹಿಟ್ಟಿನ ತಟ್ಟೆ.

ಏಳೆಂಟು ತಿಂಗಳು ಕಳೆದ ಮೇಲೆ ಒಂದು ಸಭೆ ಮುಗಿದು ಎಲ್ಲರೂ ಹೋಗಿದ್ದರು. ಶಿವನಂಜಮ್ಮ ಜಮಖಾನದ ಮೇಲೆ ಕೂತು ಹಿಟ್ಟಿನಿಂದ ಕಾಳು ಆಯುತ್ತಿದ್ದರು. ಹುಣಸೆ ಬೀಜ ಕೈಯಲ್ಲಿ ಹಿಡಿದು ತಲೆ ಎತ್ತದೆ ಕೇಳಿದರು: "ಸಿಸ್ಟರಮ್ಮ, ಇದು ಬೆರಳ್ಗೆ ಸಿಕ್ರೆ ಅತ್ತಿತ್ತ ಜಾರ್ತದೆ, ಅಲ್ವಾ? ಜಾರ್ದೇ ಅಂಗೇ ಕಚ್ಕಂಡು ಕೂತಿದ್ರೆ ಅದ್ಕೇನಂತಾರೆ?"

ನಾನು ಎದ್ದು ಬಾಗಿಲು ಹಾಕಿ, ಚಿಲಕವಿಲ್ಲದ ಆ ಬಾಗಿಲಿಗೆ ಅವರನ್ನೇ ಒರಗಿಸಿ ನಿಲ್ಲಿಸಿ ರವಿಕೆ ಬಿಚ್ಚಿಸಿದೆ. ಎಡಗಡೆ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು. ಅದರ ಕೆಳಗೆ ಗಟ್ಟಿಯಾದದ್ದು, ಅಲುಗದ್ದು. ಕಂಕುಳಲ್ಲಿ ಇನ್ನೊಂದು.

"ಎಷ್ಟು ದಿನದಿಂದ ಇದೆ?"

"ಕರಡಿಗೆ ಗುರ್ತು ಅನ್ಕಂಡಿದ್ದೆ. ವರ್ಷ ಆಗಿರ್ಬೇಕು."

ಸಿಟ್ಟು ಬಂದುಬಿಟ್ಟಿತು. ಯಾರ ಮೇಲೆ ಎಂದು ಆಗ ತಿಳಿಯಲಿಲ್ಲ, ಅವರ ಮೇಲೆ ಕೂಗಾಡಿದೆ. "ಆರು ವರ್ಷದಿಂದ ಇಲ್ಲೇ ಇದ್ದೀರಲ್ರೀ! ನಾನು ಹೇಳೋದೆಲ್ಲ ಕೇಳಿಸ್ಕೊಂಡಿದ್ದೀರಿ! ಒಂದು ದಿನ ನೋಡ್ಕೋಬಾರ್ದಿತ್ತೇ?"

ಅವರಿಗೆ ಸಿಟ್ಟು ಬರಲಿಲ್ಲ. ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: "ಕೇಳಿಸ್ಕತಿದ್ದೆ ಕಣಮ್ಮ, ಬಾಗ್ಲಾಚೆಗೂ ಕೇಳ್ತಿತ್ತು. ಏಳ್ನೇ ದಿನ, ಏಳ್ನೇ ದಿನ ಅಂತ ಕೂಗ್ತಿದ್ರಲ್ಲ. ನಂಗೆ ಮುಟ್ಟು ನಿಂತು ಹನ್ನೆರಡು ವರ್ಸ ಆಯ್ತು. ಏಳ್ನೇ ದಿನ ನಾ ಎಲ್ಲಿಂದ ತರ್ಲಿ? ಇದು ನಮ್ಮಂಥೋರ್ಗೆ ಬರೋದಲ್ಲ ಅಂದ್ಕಂಡೆ."



ಮರುದಿನವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಆಯಿತು, ಕೂದಲು ಉದುರುವ ಔಷಧಿಯೂ ಆಯಿತು. ತಡವಾಗಿದೆ ಎಂದು ಅಲ್ಲಿನ ಡಾಕ್ಟರು ನನ್ನ ಮುಖ ನೋಡಿ ಹೇಳಿದರು, ಇಲಾಖೆಯವಳು ಅರ್ಥ ಮಾಡಿಕೊಳ್ಳುತ್ತಾಳೆ ಎಂದು. ಮಂಡಕಳ್ಳಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ರತ್ನ ಬಂದು ತಾಯಿಯ ಪಕ್ಕ ಕೂತಿದ್ದಳು. ಒಂದು ದಿನ ವಾರ್ಡಿನ ಹೊರಗೆ ನನ್ನನ್ನು ನಿಲ್ಲಿಸಿ, "ಎಲ್ರಿಗೂ ಹೇಳ್ಕೊಡ್ತಿದ್ರಿ. ನಮ್ಮವ್ವಂಗೆ ಮಾತ್ರ ಯಾಕ್ ಹೇಳ್ಕೊಡ್ಲಿಲ್ಲ ಸಿಸ್ಟರ್?" ಎಂದಳು. ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದ್ದು. ನಾನು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಬಂದೆ.

ಡಾಕ್ಟರಮ್ಮನಿಗೆ ವರದಿ ಮಾಡಿದೆ. ಅವರು ಹಾಜರಿ ಪುಸ್ತಕ ತರಿಸಿ ಆರು ವರ್ಷದ ಪುಟಗಳನ್ನು ತಿರುವಿದರು. ಎಲ್ಲೂ ಶಿವನಂಜಮ್ಮನ ಸಹಿ ಇಲ್ಲ. ಬಾಗಿಲಾಚೆ ನಿಂತವರ ಸಹಿ ಯಾರು ತೆಗೆದುಕೊಳ್ಳುತ್ತಾರೆ? "ಸದ್ಯ, ಅಟೆಂಡೆನ್ಸ್‌ನಲ್ಲಿಲ್ಲ" ಎಂದು ಉಸಿರು ಬಿಟ್ಟರು. "ನಮ್ಮ ತರಬೇತಿ ಆದವರಿಗೇ ಹೀಗಾಯ್ತು ಅಂತ ಆದ್ರೆ ಮೇಲಿನವರು ಕೇಳ್ತಾರೆ. ಇದು ಬೇರೆ ಕೇಸು ಬಿಡಿ." ಅವರನ್ನು ಬಯ್ಯಬೇಕು ಎನ್ನಿಸಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಶಿವನಂಜಮ್ಮನಿಗೆ ನಮ್ಮ ತರಬೇತಿ ಆಗಿರಲಿಲ್ಲ.

ಒಂದು ವರ್ಷ ಚೆನ್ನಾಗಿದ್ದರು. ಆಮೇಲೆ ಕಂಕುಳ ಹತ್ತಿರ ಮತ್ತೆ ಬಂತು. ಸೊರಗಿ ಅರ್ಧವಾಗಿದ್ದವರು ಒಂದು ದಿನ ಆಟೋ ಮಾಡಿಕೊಂಡು ಕೇಂದ್ರಕ್ಕೇ ಬಂದರು. "ಈ ಸಲ ಸಭೇಗೆ ನಮ್ ವಯಸ್ನೋರ್ನೇ ಕರೀತೀನಿ. ನೀವ್ ಬನ್ನಿ, ಆದ್ರೆ ಒಳಕ್ಕೆ ಬರ್ಬೇಡಿ. ನೀವು ಬಾಗ್ಲು ಕಾಯ್ರಿ, ಒಳ್ಗೆ ನಾನೇಳ್ತೀನಿ" ಎಂದರು.

ಹಾಗೇ ಆಯಿತು. ಕೆಸರೆಯ ಮುದುಕಿಯರು, ನಾನು ಜಾಗ ಬಿಡಿ ಎಂದು ಎಬ್ಬಿಸಿ ಕಳಿಸುತ್ತಿದ್ದವರೇ, ಒಬ್ಬೊಬ್ಬರಾಗಿ ನನ್ನನ್ನು ದಾಟಿ ಒಳಗೆ ಹೋದರು. ನಾನು ಬಾಗಿಲು ಎಳೆದುಕೊಂಡು ಬೆನ್ನು ಕೊಟ್ಟು ನಿಂತೆ. ಎದುರು ಬಿಸಿಲು. ಅರ್ಧ ಗಂಟೆಗೆ ಕಾಲು ಸೇದತೊಡಗಿದವು. ಆರು ವರ್ಷ ಅವರು ನಿಂತ ಜಾಗಕ್ಕೆ ಒಂದು ಸ್ಟೂಲನ್ನಾದರೂ ಹಾಕಿಸಲಿಲ್ಲವಲ್ಲ ಎಂದು ಆಗ ಹೊಳೆಯಿತು. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಹೇಳಿದ್ದು ನಿಜ, ಬಾಗಿಲಾಚೆಗೂ ಎಲ್ಲ ಕೇಳುತ್ತದೆ.

"ಯಾರ್ಗೂ ಏಳ್ನೇ ದಿನ ಬ್ಯಾಡ. ತಿಂಗ್ಳಿಗೊಂದಪ ಅಮಾಸೆ ಬತ್ತದಲ್ಲ, ಅವತ್ತು ನೀರು ಹುಯ್ಕಳವಾಗ ನೋಡ್ಕಳಿ. ಎಲ್ಲಿ, ಕೈ ತಾ ಇಲ್ಲಿ. ನಾಚ್ಕೆ ಏನ್ ಬಂತು, ನಂಗೇ ಇಲ್ಲ ನಿಂಗ್ಯಾಕೆ? ಒತ್ತು. ಇನ್ನೂ ಒತ್ತು. ಇದು ಹಿಟ್ಟಲ್ಲ ಕಣವ್ವ, ನಾನು. ಇಂಗಿರ್ತದೆ ಅದು. ಗ್ಯಾನ ಇಟ್ಕೋ."

ಒಬ್ಬೊಬ್ಬರ ಕೈಯನ್ನೂ ತಮ್ಮ ಕಂಕುಳ ಗಂಟಿನ ಮೇಲೆ ಇಡಿಸಿದರಂತೆ. ಒಳಗೆ ಯಾರೋ ಅಳುವುದು ಕೇಳಿಸಿತು. ಹೊರಗೆ ನಾನೂ ಅತ್ತೆ. ಆ ಬೀದಿಯಲ್ಲಿ ಹೋಗುತ್ತಿದ್ದವರು ನನ್ನನ್ನೇ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ.

ಅವತ್ತು ಒಳಗಿದ್ದವರಲ್ಲಿ ಒಬ್ಬಾಕೆ ಚಾಮುಂಡಿ ಬೆಟ್ಟದಲ್ಲಿ ಹೂವು ಮಾರುವವಳು. ಮುಂದಿನ ಅಮಾವಾಸ್ಯೆ ಕಳೆದ ಮೂರನೇ ದಿನಕ್ಕೆ ನನ್ನ ಮುಂದೆ ಬಂದು ನಿಂತಳು. ಅವಳದು ಕಡಲೆಕಾಳಿನಷ್ಟಿತ್ತು. ಈಗಲೂ ಬೆಟ್ಟದಲ್ಲಿ ಕೂತು ಹೂವು ಮಾರುತ್ತಾಳೆ. ನಾನು ಹೋದರೆ ಬಾಯ್ತುಂಬ ಮಾತಾಡಿಸಿ ಒಂದು ಮೊಳ ಮಲ್ಲಿಗೆ ಕೊಡುತ್ತಾಳೆ, ಆದರೆ ಜೀವ ಉಳಿಸಿದ್ದು ಯಾರು ಎಂದು ಯಾರಾದರೂ ಕೇಳಿದರೆ ಶಿವನಂಜಮ್ಮನ ಹೆಸರು ಹೇಳಿ ಕೈಮುಗಿಯುತ್ತಾಳೆ. ನನ್ನ ಹೆಸರು ಹೇಳುವುದಿಲ್ಲ. ಹೇಳಬಾರದು ಕೂಡ.

ಆ ಸಭೆಯ ಪುಟದಲ್ಲಿ ಕಲಿಸಿದವರ ಹೆಸರು ಎಂಬ ಜಾಗದಲ್ಲಿ ನಾನು 'ಶಿವನಂಜಮ್ಮ' ಎಂದು ಬರೆದಿದ್ದೆ. ಡಾಕ್ಟರಮ್ಮ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ನನ್ನ ಹೆಸರು ಬರೆದು ಸಹಿ ಮಾಡಿದರು. ಅದಾಗಿ ಎರಡು ತಿಂಗಳಿಗೆ ಶಿವನಂಜಮ್ಮ ಹೋದರು. ಮಣ್ಣಿಗಿಡುವಾಗ ಕರಡಿಗೆಯ ದಾರಕ್ಕೆ ಹಾಕಿದ್ದ ಗಂಟು ಹಾಗೇ ಇತ್ತು.

ಈಗ ನಿಮ್ಮ ಕಾಲದಲ್ಲಿ ಎಷ್ಟೋ ಬದಲಾಗಿದೆ. ಸ್ವಂತ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ, ಮೂವತ್ತು ದಾಟಿದ ಎಲ್ಲರನ್ನೂ ನೀವೇ ಕೈಯಿಟ್ಟು ಪರೀಕ್ಷಿಸಿ ಎನ್ನುತ್ತಾರೆ. ಒಳ್ಳೆಯದು. ಕೈಗೆ ಟ್ಯಾಬ್ ಕೊಟ್ಟಿದ್ದಾರೆ, ಹೆಸರು ಒತ್ತಿದರೆ ಎಲ್ಲ ಬರುತ್ತದೆ. ಬಾಗಿಲಾಚೆ ನಿಂತವರ ಹೆಸರು ಮಾತ್ರ ಅದರಲ್ಲೂ ಬರುವುದಿಲ್ಲ.

ಶಿವನಂಜಮ್ಮನ ತಿಥಿ ಆದ ಮಾರನೇ ದಿನ ನಾನು ದೇವರಾಜ ಮಾರುಕಟ್ಟೆಯ ಹತ್ತಿರ ಒಂದು ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ ಚಿಲಕ ಕೊಂಡೆ. ಒಬ್ಬ ಬಡಗಿಯನ್ನು ಕರೆದುಕೊಂಡು ಕೆಸರೆಯ ಕೋಣೆಗೆ ಹೋದೆ. ಅರ್ಜಿ ಬರೆಯಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಡಗಿ ನಾಲ್ಕು ಸ್ಕ್ರೂ ತಿರುಗಿಸಿ, ಚಿಲಕ ಎರಡು ಸಲ ಹಾಕಿ ತೆಗೆದು ನೋಡಿ, "ಆಯ್ತು ಕಣಮ್ಮ" ಎಂದ. ನಾನು ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷದ ಕೆಲಸ.